ಮರಿಸ್ವಾಮಿ ಹಳ್ಳದ ಗದ್ದೆ ಕೊಟ್ಟದ್ದು

ನಂಜನಗೂಡಿನ ಮರಿಸ್ವಾಮಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ, ಎಲೆ ಅಡಿಕೆ ಕೂಡ ಮದುವೆ ಮನೆಯಲ್ಲಿ ಯಾರಾದರೂ ಕೈಗೆ ಕೊಟ್ಟರೆ ಮಾತ್ರ. ಇದ್ದ ಚಟ ಒಂದೇ, ಮೈಕು. ಸೊಸೈಟಿಯಲ್ಲಿ ಗೊಬ್ಬರದ ಮೂಟೆಗೆ ರಸೀದಿ ಹರಿಯುವ ಗುಮಾಸ್ತನಾದ ಅವನು ದಿನವಿಡೀ "ಮುಂದೆ ಬನ್ನಿ", "ಆಧಾರ್ ತಂದಿದ್ದೀರಾ" ಎಂಬಷ್ಟರಲ್ಲೇ ಕಾಲ ತಳ್ಳುತ್ತಿದ್ದ. ಆದರೆ ಮೈಕು ಕೈಗೆ ಬಂತೆಂದರೆ ಅವನ ಬಾಯಲ್ಲಿ ಬೇರೊಂದು ಕನ್ನಡ ಎದ್ದು ಕೂರುತ್ತಿತ್ತು. ನಾಮಕರಣಕ್ಕೆ ಕರೆದರೆ ತೊಟ್ಟಿಲ ಪಕ್ಕ ನಿಂತು ನಾಡಿನ ಭವಿಷ್ಯದ ಮೇಲೆ ಮಾತಾಡಿ ಮಗು ಕಿರುಚಿದ ಮೇಲೆ ನಿಲ್ಲಿಸುತ್ತಿದ್ದ. ಒಮ್ಮೆ ಸೊಸೈಟಿಯ ಅಟೆಂಡರ್ ನಿವೃತ್ತಿಯಾದಾಗ ಭಾಷಣದ ಭರದಲ್ಲಿ 'ಇವರ ಆತ್ಮಕ್ಕೆ ಶಾಂತಿ ಸಿಗಲಿ' ಎಂದು ಮುಗಿಸಿದ್ದ. ಆ ಅಟೆಂಡರೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದ. ಅಂಥ ವಾಗ್ಮಿ.

ಈ ಮರಿಸ್ವಾಮಿಗೆ ಊರ ಅಂಚಿನಲ್ಲಿ, ಸುಣ್ಣದಗೂಡು ಬೀದಿಯ ಹಿಂದೆ, ಒಂದಿಷ್ಟು ಜಮೀನಿತ್ತು. ಎಲ್ಲರೂ ಅದನ್ನು ಹಳ್ಳದ ಗದ್ದೆ ಎನ್ನುತ್ತಿದ್ದರು. ಅಪ್ಪನ ಕಾಲದಲ್ಲಿ ಅಲ್ಲಿ ಬತ್ತ ಬೆಳೆಯುತ್ತಿತ್ತು. ಈಚೆಗೆ ಸುತ್ತಲೂ ಬಡಾವಣೆಗಳೆದ್ದು ಕಾಲುವೆ ಮುಚ್ಚಿಹೋಗಿ, ಜೊಂಡು ಬೆಳೆದು, ಕಪ್ಪೆಗಳು ಸಂಸಾರ ಹೂಡಿದ್ದವು. ಪಹಣಿಯಲ್ಲಿ ಇಬ್ಬರ ಹೆಸರು: ಒಂದು ಮರಿಸ್ವಾಮಿಯದು, ಇನ್ನೊಂದು ಮೂಗೂರಿಗೆ ಕೊಟ್ಟಿದ್ದ ಅಕ್ಕ ಚಲುವಮ್ಮನದು. ಸೈಟು ಮಾಡಿ ಮಾರೋಣವೆಂದರೆ ನೋಡಲು ಬಂದವರ ಚಪ್ಪಲಿ ಕೆಸರಿನಲ್ಲಿ ಉಳಿಯುತ್ತಿತ್ತು, ಅವರು ಉಳಿಯುತ್ತಿರಲಿಲ್ಲ.

ಅಂಥ ಜಮೀನಿಗೆ ನಗರಸಭೆಯೇ ಗಿರಾಕಿಯಾಗಿ ಬಂತು. ಊಟಿ ರಸ್ತೆಯ ಮೇಲ್ಭಾಗದಲ್ಲಿ ಹೊಸ ಬಡಾವಣೆಗಳು, ಸಿಮೆಂಟು ರಸ್ತೆಗಳು ಆದ ಮೇಲೆ ಒಂದು ಜೋರು ಮಳೆ ಬಿದ್ದರೆ ಸಾಕು, ಅಲ್ಲಿನ ನೀರೆಲ್ಲ ದಡದಡ ಇಳಿದು ಸುಣ್ಣದಗೂಡು ಬೀದಿಯ ಮನೆಗಳಿಗೆ ನುಗ್ಗುತ್ತಿತ್ತು. ಮಳೆಗಾಲ ಶುರುವಾದರೆ ಆ ಬೀದಿಯವರು ರಾಗಿ ಡಬ್ಬವನ್ನು ಅಟ್ಟಕ್ಕೆ, ಟಿವಿಯನ್ನು ಬೀರುವಿನ ನೆತ್ತಿಗೆ ಏರಿಸಿಬಿಡುತ್ತಿದ್ದರು. ಬೀದಿಯ ಬಾಯಲ್ಲಿ ಇಡ್ಲಿ ಮಾರುತ್ತಿದ್ದ ಮಾದಮ್ಮ ಎಂಬ ಮುದುಕಿ ಮಂಚದ ಮೇಲೆ ಒಲೆ ಇಟ್ಟು, ತಾನು ಮಂಡಿಯವರೆಗೆ ನೀರಲ್ಲಿ ನಿಂತು ಇಡ್ಲಿ ಬೇಯಿಸಿದ್ದನ್ನು ಎಲ್ಲರೂ ಕಂಡಿದ್ದರು. ಇದಕ್ಕೆ ನಗರಸಭೆಗೆ ಹೊಸದಾಗಿ ಬಂದಿದ್ದ ಇಂಜಿನಿಯರ್ ಭಾನುಪ್ರಿಯಾ ಒಂದು ದಾರಿ ಹುಡುಕಿದ್ದರು. ಮೇಲಿನ ನೀರನ್ನು ದೊಡ್ಡ ಮೋರಿಯಲ್ಲಿ ತಿರುಗಿಸಿ ಹಳ್ಳದ ಗದ್ದೆಯಲ್ಲಿ ತೋಡಿದ ಕೊಳಕ್ಕೆ ಬಿಡುವುದು, ಮಳೆ ನಿಂತ ಮೇಲೆ ಅಲ್ಲಿಂದ ಮೆಲ್ಲಗೆ ಹೊಳೆಗೆ ಇಳಿಸುವುದು. ಜಮೀನು ಕೊಳ್ಳಲು ಸರ್ಕಾರದಿಂದ ಹಣವೂ ಬಂದಿತ್ತು.

ಭಾನುಪ್ರಿಯಾ ಮರಿಸ್ವಾಮಿಯನ್ನು ಕಚೇರಿಗೆ ಕರೆಸಿ ವಿಷಯ ತಿಳಿಸಿದಾಗ ಅವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನೀರು ನಿಲ್ಲುತ್ತದೆಂದು ಯಾರಿಗೂ ಬೇಡವಾಗಿದ್ದ ಗದ್ದೆಯನ್ನು ನೀರು ನಿಲ್ಲುತ್ತದೆಂದೇ ಕೇಳುವವರು ಬಂದಿದ್ದರು. ರೇಟಿಗೆ ಒಪ್ಪಿದ. ಅಕ್ಕನಿಗೆ ಫೋನು ಮಾಡಿದ. ಚಲುವಮ್ಮ ಅಲ್ಲಿಂದಲೇ ದೇವರಿಗೆ ಕೈ ಮುಗಿದು, ಮಾರನೆಯ ದಿನವೇ ತಿರುಮಕೂಡಲಿಗೆ ಹೋಗಿ ಹಿಟ್ಟಿನ ಗಿರಣಿಯ ಮಿಷನ್ನು ನೋಡಿಕೊಂಡು ಬಂದಳು. ತನ್ನದೇ ಒಂದು ಗಿರಣಿ ಇಡಬೇಕೆಂಬುದು ಅವಳ ಬಹುದಿನದ ಆಸೆ. ಇತ್ತ ಮರಿಸ್ವಾಮಿಯ ಹೆಂಡತಿ ಇಂದ್ರಾಣಿ ತಾರಸಿಯ ಮೇಲೆ ಕಟ್ಟುವ ಕೋಣೆಗೆ ಕಿಟಕಿ ಯಾವ ಕಡೆ ಇಡಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಎಲ್ಲ ಸರಿಯಾಗಿತ್ತು. ಸಹಿ ಒಂದು ಬಾಕಿ. ಅಷ್ಟರಲ್ಲಿ ವಾರ್ಡ್ ಸಭೆ ಬಂತು.

ಸಭೆ ಕರೆದವನು ವಾರ್ಡಿನ ಸದಸ್ಯ ನಂಜೇಶ. ಶಾಲೆಯ ಮೈದಾನದಲ್ಲಿ ಶಾಮಿಯಾನ, ಕೆಂಪು ಕುರ್ಚಿಗಳು, ಎರಡು ಸ್ಪೀಕರು. ಭಾನುಪ್ರಿಯಾ ಕೊಳದ ನಕ್ಷೆ ತೋರಿಸಿ ಮೋರಿಯ ಅಗಲವನ್ನೆಲ್ಲ ವಿವರಿಸಿದರು. ಜನ ಆಕಳಿಸಿದರು. ಕೊನೆಗೆ ಅವರು, ಜಮೀನಿನ ಮಾಲೀಕರಾದ ಮರಿಸ್ವಾಮಿಯವರು ಜಾಗ ಕೊಡಲು ಒಪ್ಪಿದ್ದಾರೆ ಎಂದರು. ಎಲ್ಲರ ತಲೆಯೂ ಹಿಂದಕ್ಕೆ ತಿರುಗಿತು. ಮರಿಸ್ವಾಮಿ ಆಗಲೇ ಎದ್ದು ನಿಂತು ಶರಟಿನ ಮಡಿಕೆ ಸರಿಮಾಡಿಕೊಳ್ಳುತ್ತಿದ್ದ. ನಂಜೇಶ ಒಂದೆರಡು ಮಾತಾಡಿ ಎಂದದ್ದು ಕೇವಲ ಉಪಚಾರಕ್ಕೆ.

ಮೈಕು ಸಿಕ್ಕಿತು. ಮುಂದಿನ ಸಾಲಿನಲ್ಲಿ ಮಾದಮ್ಮ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಮರಿಸ್ವಾಮಿ ಈ ಬೀದಿಯ ತಾಯಂದಿರ ಕಣ್ಣೀರು ಕಪಿಲೆಗಿಂತ ಆಳವೆಂದ. ಮಳೆಯೆಂಬುದು ಶ್ರೀಮಂತರಿಗೆ ಕಾವ್ಯ, ಬಡವರಿಗೆ ಬಕೆಟ್ಟು ಎಂದ. ಎಲ್ಲಿಂದ ಬಂತೋ, ಅವನಿಗೇ ರೋಮ ನಿಮಿರಿತು. ಆ ಹುಮ್ಮಸ್ಸಿನಲ್ಲಿ ದನಿ ಏರಿಸಿ ಹೇಳಿಯೇಬಿಟ್ಟ:

"ನನ್ನ ತಂದೆ ಉತ್ತು ಬಿತ್ತಿದ ಆ ಮಣ್ಣನ್ನು ಇಂದು ನಾನು ಈ ಬೀದಿಯ ಪಾದಗಳಿಗೆ ಅರ್ಪಿಸುತ್ತಿದ್ದೇನೆ. ನನಗೇನೂ ಬೇಡ. ನಿಮ್ಮ ಹೊಸಿಲು ಒಣಗಿದ್ದರೆ ಅದೇ ನನಗೆ ಸಂದಾಯ."

'ನನಗೇನೂ ಬೇಡ' ಎಂಬುದು ಅವನ ಎಲ್ಲ ಭಾಷಣಗಳಲ್ಲೂ ಬರುತ್ತಿದ್ದ ಮಾತು. ಬೋಂಡ ತಿನ್ನುತ್ತಾ ತಿನ್ನುತ್ತಲೇ ಅದನ್ನು ಹೇಳಿದ ದಾಖಲೆಯಿದೆ. ಆದರೆ ಸುಣ್ಣದಗೂಡು ಬೀದಿಯವರಿಗೆ ಅವನ ಹಳೆಯ ಭಾಷಣಗಳ ಪರಿಚಯವಿರಲಿಲ್ಲ. ಚಪ್ಪಾಳೆ ಬಿತ್ತು. ಆಕಳಿಸುತ್ತಿದ್ದವರೆಲ್ಲ ಎದ್ದು ನಿಂತರು. ಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾನುಪ್ರಿಯಾ ಕೈಯಲ್ಲಿದ್ದ ನಕ್ಷೆ ಮಡಿಸುವುದನ್ನು ಮರೆತು ಅವನ ಮುಖವನ್ನೇ ನೋಡಿದರು. ನಂಜೇಶ ಓಡಿಬಂದು ತಬ್ಬಿಕೊಂಡು, ಪುಕ್ಕಟೆ ಕೊಟ್ಟುಬಿಟ್ಟಿರಲ್ಲಣ್ಣ ಎಂದು ಕಿವಿಯಲ್ಲಿ ಗದ್ಗದಿಸಿದ. ತಾನು ಏನು ಹೇಳಿದೆನೆಂದು ಮರಿಸ್ವಾಮಿಗೆ ಹೊಳೆದದ್ದು ಆಗಲೇ. ತಿದ್ದಿಕೊಳ್ಳಲು ಸಮಯವಿರಲಿಲ್ಲವೆಂದು ಹೇಳಲಾಗದು. ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಇದ್ದ ಆ ಒಂದು ಉಸಿರಿನಷ್ಟು ಸಮಯವನ್ನು ಅವನು ಎಲ್ಲರಿಗೂ ಧನ್ಯವಾದ ಹೇಳಲು ಬಳಸಿಕೊಂಡ.

ಮನೆಗೆ ಬರುವಷ್ಟರಲ್ಲಿ ಭಾಷಣದ ವಿಡಿಯೋ ಅವನಿಗಿಂತ ಮುಂಚೆ ಬಂದು ಇಂದ್ರಾಣಿಯ ಫೋನಿನಲ್ಲಿ ಕೂತಿತ್ತು. ಅವಳು ಕೂಗಾಡಲಿಲ್ಲ. ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರು ಹಾಕದೆ ಎದುರು ಕೂತಳು.

"ಪಾದಕ್ಕೆ ಅರ್ಪಿಸೋದು ಅಂದ್ರೆ ಏನ್ರೀ?"

ಅದು ಸಾಹಿತ್ಯ ಕಣೇ ಎಂದ ಮರಿಸ್ವಾಮಿ. ಮಾತಿನ ಅಲಂಕಾರ. ಅರ್ಥ ಬೇರೆ, ಭಾವ ಬೇರೆ. ನಾಳೆ ಬೆಳಿಗ್ಗೆ ನಂಜೇಶನಿಗೆ ಒಂದು ಮಾತು ಹೇಳಿದರೆ ಮುಗಿಯಿತು.

"ಹಂಗಾದ್ರೆ ಆ ಸಾಹಿತ್ಯಾನ ಮೂಗೂರಿಗೆ ಫೋನ್ ಮಾಡಿ ನಿಮ್ಮಕ್ಕಂಗೂ ಹೇಳ್ಬಿಡಿ" ಎಂದು ಇಂದ್ರಾಣಿ ಎದ್ದುಹೋದಳು. ಅವನು ಒಣಮುದ್ದೆಯನ್ನೇ ನುಂಗಲು ನೋಡಿ, ಗಂಟಲಿಗೆ ಸಿಕ್ಕಿಸಿಕೊಂಡು, ನೀರು ಕುಡಿದು ಮಲಗಿದ. ಅಕ್ಕನಿಗೆ ಫೋನು ಮಾಡಲಿಲ್ಲ.

ಬೆಳಿಗ್ಗೆ ನಂಜೇಶನ ಮನೆಗೆ ಹೊರಟವನು ಬೀದಿಯ ತಿರುವಿನಲ್ಲೇ ನಿಂತುಬಿಟ್ಟ. ಅಲ್ಲಿ ಅವನೇ ನಿಂತಿದ್ದ, ಆಳೆತ್ತರ, ಫ್ಲೆಕ್ಸಿನಲ್ಲಿ. ಯಾವುದೋ ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದದ್ದು, ಕಣ್ಣು ಮುಚ್ಚಿತ್ತು, ಹೆಗಲ ಮೇಲೆ ಇನ್ನಾರದೋ ಕೈ ಉಳಿದುಕೊಂಡಿತ್ತು. ಕೆಳಗೆ ದಪ್ಪಕ್ಷರದಲ್ಲಿ 'ಭೂದಾನಿ, ಕಲಿಯುಗದ ಕರ್ಣ, ಶ್ರೀ ಮರಿಸ್ವಾಮಿಯವರಿಗೆ ನಾಗರಿಕ ಸನ್ಮಾನ' ಎಂದಿತ್ತು. ನಂಜೇಶನ ಫೋಟೋ ಅದಕ್ಕಿಂತ ಸ್ವಲ್ಪ ದೊಡ್ಡದಾಗಿತ್ತು. ಬರುವ ಭಾನುವಾರ, ಅದೇ ಮೈದಾನ.

ಮರಿಸ್ವಾಮಿ ಅದನ್ನು ಒಮ್ಮೆ ಓದಿದ. ಇನ್ನೊಮ್ಮೆ ಓದಿದ. ನಿಜ ಹೇಳಬೇಕೆಂದರೆ, ಎರಡನೆಯ ಸಲ ಓದಿದಾಗ ಅಷ್ಟೇನೂ ಬೇಜಾರಾಗಲಿಲ್ಲ.

ಆದರೂ ನಂಜೇಶನ ಮನೆಗೆ ಹೋದ. ಅವನು ಸ್ನಾನ ಮುಗಿಸಿ ಟವೆಲ್ಲಿನಲ್ಲೇ ಬಂದು ಕಾಲಿಗೆ ಬೀಳಲು ನೋಡಿದ. ಮರಿಸ್ವಾಮಿ ಅವನನ್ನು ತಡೆದು, ಕೆಮ್ಮಿ, ಗೋಡೆಯ ಕ್ಯಾಲೆಂಡರ್ ನೋಡುತ್ತಾ, ಸ್ವಲ್ಪ ದುಡ್ಡಿನ ವಿಚಾರ ಮಾತಾಡಬೇಕಿತ್ತು ಎಂದ.

ನಂಜೇಶನ ಕಣ್ಣು ಮತ್ತೆ ತುಂಬಿತು. "ಬ್ಯಾಡ ಕಣಣ್ಣ. ಜಾಗಾನೂ ಕೊಟ್ಟು, ಸನ್ಮಾನದ ಕರ್ಚೂ ನೀವೇ ಆಕ್ಕಂಡ್ರೆ ಜನ ನಂಗೆ ಉಗೀತಾರೆ."

ಅದಲ್ಲ, ಎಂದ ಮರಿಸ್ವಾಮಿ.

ನಂಜೇಶ ಯೋಚಿಸಿದ. ಇಷ್ಟು ದೊಡ್ಡ ಮನಸ್ಸನ್ನು ನೋಯಿಸಬಾರದೆಂದು ತೀರ್ಮಾನಿಸಿ, ಅಷ್ಟೊಂದು ಆಸೆಯಿದ್ದರೆ ಉಪ್ಪಿಟ್ಟು ಕೇಸರಿಬಾತಿನದು ಮಾತ್ರ ನಿಮ್ಮದಿರಲಿ, ಶಾಮಿಯಾನ ನಂದೇ, ಅದರಲ್ಲಿ ಮಾತ್ರ ಬಿಟ್ಟುಕೊಡೋದಿಲ್ಲ ಎಂದ. ಹೀಗೆ, ಗದ್ದೆಯ ಹಣ ಕೇಳಲು ಹೋದ ಮರಿಸ್ವಾಮಿ ಬೀದಿಗೆಲ್ಲ ಉಪ್ಪಿಟ್ಟು ಒಪ್ಪಿಕೊಂಡು ಹೊರಗೆ ಬಂದ.

ಆ ವಾರ ಅವನು ಎಲ್ಲಿ ಬಾಯಿ ತೆರೆದರೂ ಹೀಗೇ ಆಯಿತು. ಚಹದಂಗಡಿಯಲ್ಲಿ, ನಾನು ಹೇಳಿದ್ದನ್ನು ನೀವು ಪೂರ್ತಿ ಅರ್ಥ ಮಾಡಿಕೊಂಡಿಲ್ಲ ಎಂದರೆ, ಎಂಥ ವಿನಯ ನೋಡಿ ಎಂದರು. ಸರ್ಕಾರ ಪುಕ್ಕಟೆ ತಗೊಳ್ಳೋದು ನ್ಯಾಯವಲ್ಲ ಎಂದರೆ, ನಮ್ಮೆಲ್ಲರ ಪರವಾಗಿ ಎಷ್ಟು ಯೋಚಿಸುತ್ತಾರೆ ಎಂದರು. ಸೊಸೈಟಿಗೆ ಬಂದ ಚಿಕ್ಕಯ್ಯನಛತ್ರದ ರೈತನೊಬ್ಬ, ದಾನಿಗಳ ಕೈಯಿಂದ ಬಂದರೆ ಪೈರು ಚೆನ್ನಾಗಿ ಬರುತ್ತದೆಂದು ರಸೀದಿಯ ಮೇಲೆ ಇನ್ನೊಂದು ಮೂಟೆ ಕೇಳಿದ. ಭಜನೆ ಮಂಡಳಿಯವರು ಹಾರ್ಮೋನಿಯಂ ಕೇಳಲು ಬಂದರು. ಶಾಲೆಯವರು ಕಾಂಪೌಂಡಿಗೆ ಬಂದರು. ಯಾರೋ ಒಬ್ಬರು ಏನೂ ಕೇಳದೆ ಬಂದು, ಸುಮ್ಮನೆ ಅವನನ್ನು ನೋಡಿ, ಕೈ ಮುಗಿದು ಹೋದರು. ಇಂದ್ರಾಣಿ ಅವರಿಗೆಲ್ಲ ಕಾಫಿ ಕೊಟ್ಟಳು. ಗಂಡನಿಗೆ ಕೊಡಲಿಲ್ಲ.

ಸುಖವೂ ಇತ್ತೆನ್ನಬೇಕು. ದಿನಾ ಬೆಳಿಗ್ಗೆ ಮರಿಸ್ವಾಮಿ ಸುಣ್ಣದಗೂಡು ಬೀದಿಯ ಬಾಯಲ್ಲಿ ಕಾಣಿಸಿಕೊಂಡರೆ ಮಾದಮ್ಮ ಬಿಸಿ ಇಡ್ಲಿ ಹಾಕಿಕೊಡುತ್ತಿದ್ದಳು. ಮೊದಲ ದಿನ ಜೇಬಿಗೆ ಕೈ ಹಾಕಿದವನನ್ನು ಅವಳು ತಡೆದಿದ್ದಳು. ಎರಡನೆಯ ದಿನ ಜೇಬಿನ ಹತ್ತಿರ ಮಾತ್ರ ಕೈ ಹೋಯಿತು. ಆಮೇಲೆ ಹೋಗುವುದೂ ನಿಂತಿತು. ಮನೆಯಲ್ಲಿ ತಿಂಡಿಯ ಪರಿಸ್ಥಿತಿ ಹಾಗಿತ್ತು.

ಶುಕ್ರವಾರ ಸಂಜೆ ಭಾನುಪ್ರಿಯಾ ಸ್ಕೂಟಿಯಲ್ಲಿ ಮನೆಗೇ ಬಂದರು. ಕಣ್ಣಿನ ಕೆಳಗೆ ಕಪ್ಪು ಬಿದ್ದಿತ್ತು. ಜಗುಲಿಯಲ್ಲಿ ಕೂತು, ಇಂದ್ರಾಣಿ ತಂದ ನೀರು ಕುಡಿದು, ನಿಮ್ಮ ದೊಡ್ಡತನದಿಂದ ನಾನು ಸಿಕ್ಕಿಹಾಕಿಕೊಂಡಿದ್ದೇನೆ ಸಾರ್ ಎಂದರು. ಬಂದಿರುವ ಹಣ ಜಮೀನು ಕೊಳ್ಳುವುದಕ್ಕೆ. ಜಮೀನು ದಾನವಾಗಿ ಬಂದರೆ ಅದು ಬೇರೆಯೇ ಫೈಲು, ಬೇರೆಯೇ ಮಂಜೂರಾತಿ. ಅದು ಮೈಸೂರಿಗೆ ಹೋಗಬೇಕು, ಅಲ್ಲಿಂದ ಮೇಲಕ್ಕೆ ಹೋಗಬೇಕು, ಕೆಳಕ್ಕೆ ಬರಬೇಕು. ಅಷ್ಟರಲ್ಲಿ ಮಾರ್ಚ್ ಮುಗಿದು ಕೊಳ್ಳಲು ಬಂದ ಹಣ ವಾಪಸು ಹೋಗುತ್ತದೆ. ಅದರ ಜೊತೆಗೇ ಕೊಳ ತೋಡುವ ಹಣವೂ ಹೋಗುತ್ತದೆ. ಮುಂದಿನ ಮಳೆಗೂ ಆ ಬೀದಿ ಮುಳುಗುತ್ತದೆ.

"ನಾನು ಕೈ ಮುಗೀತೀನಿ ಸಾರ್. ದಯವಿಟ್ಟು ದುಡ್ಡು ತಗೊಳ್ಳಿ."

ಮರಿಸ್ವಾಮಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಇಂದ್ರಾಣಿ ಬಾಗಿಲ ಹಿಂದೆ ಬಂದು ನಿಂತದ್ದು ಅವಳ ಬಳೆಯಿಂದ ಗೊತ್ತಾಯಿತು. ಅವನು ಮಂದಹಾಸ ತಂದುಕೊಂಡು, ಗಂಟಲು ಸರಿಮಾಡಿಕೊಂಡು, ನೀವು ಇಷ್ಟು ಹೇಳಿದ ಮೇಲೆ, ಊರಿನ ಹಿತದೃಷ್ಟಿಯಿಂದ, ಎಂದು ಶುರುಮಾಡುವಷ್ಟರಲ್ಲಿ ಗೇಟು ಕಿರುಗುಟ್ಟಿತು. ನಂಜೇಶ ಬಂದ. ಅವನ ಹಿಂದೆ ಮೈಸೂರು ಪೇಟ ಕಟ್ಟುವವನು, ತಲೆಯ ಅಳತೆಗೆ. ಅವರ ಹಿಂದೆ, ಅಳತೆ ಹೇಗೆ ತೆಗೆಯುತ್ತಾರೆಂದು ನೋಡಲು ಸುಣ್ಣದಗೂಡು ಬೀದಿಯ ಅರ್ಧ ಜನ.

ನಂಜೇಶ ಇಂಜಿನಿಯರ್ ಮೇಡಂ ಏನು ಬಂದದ್ದೆಂದು ಕೇಳಿದ. ಅವರು ಮರೆಮಾಚದೆ ಹೇಳಿದರು. ಇವರು ಹಣ ತೆಗೆದುಕೊಳ್ಳಲಿ ಎಂದು ಕೇಳಿಕೊಳ್ಳುತ್ತಿದ್ದೇನೆ ಎಂದರು. ಅಷ್ಟೂ ಜನ ಮರಿಸ್ವಾಮಿಯ ಬಾಯನ್ನು ನೋಡಿದರು. ಪೇಟದವನು ಟೇಪು ಬಿಚ್ಚಿಕೊಂಡು ತಲೆಯ ಸುತ್ತ ತಂದಿದ್ದ. ತಲೆಗೆ ಟೇಪು ಸುತ್ತಿಸಿಕೊಂಡ ಮನುಷ್ಯ ಆ ಗಳಿಗೆಯಲ್ಲಿ ಸಣ್ಣ ಮಾತಾಡುವುದು ಕಷ್ಟ.

"ಅದು ಹ್ಯಾಗಾಗುತ್ತೆ ಮೇಡಂ" ಎಂದಿತು ಅವನ ಬಾಯಿ. "ಕೊಟ್ಟ ಮಾತು."

ಗೇಟಿನ ಹತ್ತಿರ ಚಪ್ಪಾಳೆ ಕೇಳಿತು. ಬಾಗಿಲ ಹಿಂದೆ ಏನೋ ಸ್ಟೀಲಿನದು ನೆಲಕ್ಕೆ ಬಿದ್ದು ಬಹಳ ಹೊತ್ತು ಗಿರಗಿರ ತಿರುಗಿತು. ಭಾನುಪ್ರಿಯಾ ಎದ್ದರು. ನಿಮ್ಮ ಒಳ್ಳೆಯತನದಿಂದಲೇ ಈ ಕೆಲಸ ನಿಲ್ಲುತ್ತದೆ ಸಾರ್ ಎಂದು ಮೆಲ್ಲಗೆ ಹೇಳಿ, ಹೆಲ್ಮೆಟ್ ಹಾಕಿಕೊಂಡು ಹೊರಟುಹೋದರು. ಅಲ್ಲಿದ್ದವರು ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ. ಮರಿಸ್ವಾಮಿಗೆ ಕೇಳಿಸಿತು. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಗಿರಣಿ, ಮೇಲಿನ ಕೋಣೆ ಒಂದು ಕಡೆ. ತನ್ನ ನಾಲಗೆಯಿಂದಾಗಿ ಮಾದಮ್ಮ ಮುಂದಿನ ಮಳೆಗೂ ನೀರಲ್ಲೇ ನಿಲ್ಲುವುದು ಇನ್ನೊಂದು ಕಡೆ. ಈ ಎರಡನೆಯದು ಇಷ್ಟು ಚುಚ್ಚುತ್ತದೆಂದು ಅವನು ಅಂದುಕೊಂಡಿರಲಿಲ್ಲ.

ಭಾನುವಾರ ಬಂತು. ಮೈದಾನ ತುಂಬಿತು. ಉಪ್ಪಿಟ್ಟಿನ ವಾಸನೆ ವೇದಿಕೆಯವರೆಗೆ ಬರುತ್ತಿತ್ತು. ಮರಿಸ್ವಾಮಿ ಪೇಟ, ಶಾಲು, ಹಾರ ಹೊತ್ತು ನಡುವಿನ ಕುರ್ಚಿಯಲ್ಲಿ ಕೂತಿದ್ದ. ಪೇಟ ಸ್ವಲ್ಪ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು. ಭಾನುಪ್ರಿಯಾ ಹಿಂದಿನ ಸಾಲಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಇಂದ್ರಾಣಿ ಬರುವುದಿಲ್ಲವೆಂದಿದ್ದಳು. ಆದರೆ ಕಾರ್ಯಕ್ರಮ ಶುರುವಾಗಿ ನಂಜೇಶ ಕರ್ಣನ ಕವಚದ ವಿಷಯಕ್ಕೆ ಬರುವ ಹೊತ್ತಿಗೆ ಮೈದಾನದ ಬಾಗಿಲಲ್ಲಿ ಕಾಣಿಸಿಕೊಂಡಳು. ಜೊತೆಗೆ ಚಲುವಮ್ಮ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು.

ಯಾರು ಫೋನು ಮಾಡಿದ್ದರೆಂದು ಮರಿಸ್ವಾಮಿ ಕೇಳುವ ಅಗತ್ಯವಿರಲಿಲ್ಲ. ಪೇಟವನ್ನು ಇನ್ನಷ್ಟು ಕೆಳಗೆಳೆದುಕೊಂಡ. ಅಕ್ಕನಿಗೆ ಅವನು ಹೆದರುತ್ತಿದ್ದುದು ಇಂದು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಇಳಿಸಬೇಕಾದಾಗ ಮುನ್ಸೂಚನೆ ಕೊಡದೆ ಇಳಿಸುತ್ತಿದ್ದವಳು.

ಚಲುವಮ್ಮ ಜನರ ನಡುವೆ ನೇರ ನಡೆದು ಬಂದು ವೇದಿಕೆ ಹತ್ತಿದಳು. ನಂಜೇಶ ಯಾರೆಂದು ತಿಳಿಯದೆ ಗಾಬರಿಯಾದ. ಇಂದ್ರಾಣಿ ಕೆಳಗಿನಿಂದಲೇ, ಅವರು ನಮ್ಮತ್ತಿಗೆ, ಜಮೀನಿನ ಇನ್ನೊಂದು ಹೆಸರು ಎಂದು ತಿಳಿಸಿದಳು. ದಾನಿಯ ಅಕ್ಕನೆಂದ ಮೇಲೆ ನಂಜೇಶನಿಗೆ ಎರಡನೆಯ ಶಾಲು ತರಿಸದಿದ್ದುದೇ ಚಿಂತೆಯಾಯಿತು. ಒಂದೆರಡು ಮಾತಾಡಿ ಅಮ್ಮ ಎಂದು ಮೈಕು ಕೊಟ್ಟ. ಮರಿಸ್ವಾಮಿ ಕಣ್ಣು ಮುಚ್ಚಿಕೊಂಡ. ಈಗ ಫ್ಲೆಕ್ಸಿನಲ್ಲಿದ್ದಂತೆಯೇ ಕಾಣುತ್ತಿದ್ದ.

ಚಲುವಮ್ಮನಿಗೆ ಮೈಕು ಹೊಸದು. ಅದನ್ನು ಹಾರೆಯಂತೆ ಹಿಡಿದುಕೊಂಡಳು.

"ನಂಗೆ ಬಾಸಣ ಬರಾಕಿಲ್ಲ. ಬಸ್ಸಿಳುದು ಬತ್ತಾ ಅಲ್ಲೊಬ್ಬ ಅಣ್ಣಿನವನ್ನ ಕೇಳ್ದೆ, ಒಂದು ಚಿಪ್ಪು ರಸಬಾಳೆ ಕೊಡಪ್ಪ ಅಂದೆ. ಕೊಟ್ಟ. ಆಮ್ಯಾಕೆ ಕಾಸಿಗೆ ಕೈ ನೀಡ್ದ. ನಾನು ಕಾಸು ಕೊಟ್ಟು ಬಂದೆ. ಅವನಿಗೇನು ಪ್ಯಾಟ ಕಟ್ಟುಸ್ಲಿಲ್ಲ."

ಜನ ನಕ್ಕರು. ಚಲುವಮ್ಮ ನಗಲಿಲ್ಲ.

"ನನ್ ತಮ್ಮ ಗದ್ದೆ ಕೊಡ್ತೀನಿ ಅಂದಿರಾದು ಅಂಗೆ. ಮೈಕು ಕಂಡ್ರೆ ಅವನ್ಗೆ ಬಾಯಿ ನಿಲ್ಲಾಕಿಲ್ಲ, ಅದ್ಕೆ ಪಾದ ಗೀದ ಅಂದವ್ನೆ. ನಮ್ಮಪ್ಪನ್ ಮಣ್ಣು ಅದು. ಅರ್ದ ನಂದು. ನಂಗೆ ಮೂಗೂರಲ್ಲಿ ಒಂದು ಗಿರಣಿ ಆಕ್ಬೇಕು. ಅದ್ಕೆ ಮಾರ್ತಾ ಇವ್ನಿ. ಇವ್ನ ಅರ್ದ ಇವ್ನು ಏನಾರ ಮಾಡ್ಕಳ್ಳಿ. ಏನ್ಲಾ ಮರಿ, ನೀನು ಮಾರೀಯಾ, ಅರ್ಪಿಸೀಯಾ?"

ನಂಜೇಶನ ಕೈಯಲ್ಲಿದ್ದ ಸನ್ಮಾನಪತ್ರದ ಗಾಜಿಗೆ ಬೆವರು ತಾಗಿತು. ಮರಿಸ್ವಾಮಿ ಪೇಟ ತೆಗೆದು ಮಡಿಲಲ್ಲಿಟ್ಟುಕೊಂಡ. ಅಷ್ಟು ಜನರೆದುರು, ಮೈಕಿಲ್ಲದೆ, ಅವನಿಗೆ ಮಾತೇ ಹೊರಡಲಿಲ್ಲ. ಈಗ ಇವರೆಲ್ಲ ಎದ್ದು ಉಗಿಯುತ್ತಾರೆ, ಇಂದಿನಿಂದ ಈ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ ಎಂದುಕೊಂಡ.

ಎದ್ದವಳು ಮಾದಮ್ಮ.

"ನಂಗೂ ಅದೇ ಬೇಕಾಗಿತ್ತು ಕನವ್ವ" ಎಂದಳು ಚಲುವಮ್ಮನಿಗೆ. ಮರಿಸ್ವಾಮಿಗೆ ಅರ್ಥವಾಗಲಿಲ್ಲ. ಮಾದಮ್ಮ ಬಿಡಿಸಿ ಹೇಳಿದಳು. ಇವರು ಪುಕ್ಕಟೆ ಕೊಟ್ಟರೆಂದು ಕೇಳಿದ ದಿನದಿಂದ ಅವಳಿಗೆ ಸಮಾಧಾನವಿರಲಿಲ್ಲವಂತೆ. ನಾಳೆ ಇವರ ಮನಸ್ಸು ತಿರುಗಿ, ನನ್ನ ಜಾಗದಲ್ಲಿ ನೀರು ಬಿಡಬೇಡಿ ಎಂದರೆ, ಯಾವ ಮುಖ ಇಟ್ಟುಕೊಂಡು ಜಗಳ ಆಡುವುದು?

"ದುಡ್ಡು ಇಸ್ಕಂಡು ರುಜು ಆಕ್ಬುಡಪ್ಪ. ಆಗ ಅಲ್ಲಿ ನೀರು ನಿಲ್ಲಾದು ನಮ್ಮ ಅಕ್ಕು. ನಾವೂ ತಲೆ ಎತ್ಕಂಡು ತಿರುಗ್ತೀವಿ." ಸ್ವಲ್ಪ ತಡೆದು, ಹೇಳಲೋ ಬೇಡವೋ ಎಂದು ನೋಡಿ, ಹೇಳಿಯೇಬಿಟ್ಟಳು. "ಇನ್ನೊಂದು ಮಾತು. ದಿನಾ ಬಂದು ಇಡ್ಲಿ ತಿಂತೀಯ. ದಾನ ಕೊಟ್ಟೋರು ಅಂತ ಕಾಸು ಕೇಳಾಕೆ ನಂಗೆ ನಾಚ್ಕೆ. ಇಂಗೇ ಆದ್ರೆ ನನ್ನ ಯಾಪಾರ ಮಳೆ ಬರಾಕೆ ಮುಂಚೇನೆ ಮುಳುಗ್ತದೆ."

ಮೈದಾನವೆಲ್ಲ ನಕ್ಕಿತು. ಆ ನಗುವಿನಲ್ಲಿ ಎಲ್ಲರಿಗೂ ಏನೋ ಹಗುರಾಯಿತು. ಒಬ್ಬೊಬ್ಬರಾಗಿ ಹೌದು ಹೌದು ಎಂದರು. ಎದುರು ಸಿಕ್ಕಾಗಲೆಲ್ಲ ಕೈ ಮುಗಿದು ತಮಗೂ ಸಾಕಾಗಿತ್ತು ಎಂದು ಯಾರೋ ಒಪ್ಪಿಕೊಂಡರು. ಈ ಗದ್ದಲದಲ್ಲಿ ಭಾನುಪ್ರಿಯಾ ಮಾತ್ರ ಒಂದು ಕ್ಷಣವೂ ಕಳೆಯಲಿಲ್ಲ. ಚೀಲದಿಂದ ಕಾಗದ ತೆಗೆದುಕೊಂಡು, ಸಾಲುಗಳ ನಡುವೆ ಹೆಚ್ಚುಕಡಿಮೆ ಓಡುತ್ತಾ ಬಂದು ವೇದಿಕೆ ಹತ್ತಿ, ಒಪ್ಪಿಗೆ ಪತ್ರವನ್ನು ಸನ್ಮಾನಪತ್ರದ ಮೇಲೆಯೇ ಹರಡಿ ಪೆನ್ನು ಕೊಟ್ಟರು. ಚಲುವಮ್ಮ ಮೊದಲು ರುಜು ಹಾಕಿದಳು. ಮರಿಸ್ವಾಮಿ ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲಿನೊಂದಿಗೆ ಎರಡನೆಯ ರುಜು ಹಾಕಿದ. ಗಾಜಿನ ಮೇಲೆ ಪೆನ್ನು ಜಾರಿ ಅಕ್ಷರ ಸ್ವಲ್ಪ ಸೊಟ್ಟಗಾಯಿತು, ಆದರೆ ಊರಿನ ಮುಂದೆ ಆದ ರುಜು.

ನಂಜೇಶನಿಗೆ ಮಾತ್ರ ಕಾರ್ಯಕ್ರಮವನ್ನು ಹೇಗೆ ಮುಗಿಸುವುದೆಂದು ತಿಳಿಯಲಿಲ್ಲ. ರಾಜಕೀಯದಲ್ಲಿದ್ದವನು, ಹೇಗೋ ಸಾವರಿಸಿಕೊಂಡ. ಸರ್ಕಾರಕ್ಕೆ ನ್ಯಾಯವಾದ ಬೆಲೆಗೆ ಜಮೀನು ಮಾರಿದ ಮಹನೀಯರಿಗೆ ಮತ್ತೊಮ್ಮೆ ಚಪ್ಪಾಳೆ ಎಂದ. ಜನ ಮೊದಲಿಗಿಂತ ಜೋರಾಗಿ ತಟ್ಟಿದರು. ಮರಿಸ್ವಾಮಿ ಎರಡು ಮಾತಾಡಲು ಎದ್ದ. ಚಲುವಮ್ಮ ಮೈಕನ್ನು ಸೆರಗಿನೊಳಗೆ ಇಟ್ಟುಕೊಂಡು, ಮೊದಲು ಉಪ್ಪಿಟ್ಟು ತಿನ್ನೋಣ ಬಾ ಎಂದಳು. ಮಾರನೆಯ ದಿನ ಫ್ಲೆಕ್ಸಿನಲ್ಲಿ 'ಭೂದಾನಿ' ಎಂಬಲ್ಲಿ 'ದಾನಿ'ಯ ಮೇಲೆ ಬಿಳಿ ಕಾಗದ ಅಂಟಿಸಿ 'ಮಾಲೀಕರು' ಎಂದು ಬರೆಸಲಾಯಿತು. ಕರ್ಣನನ್ನು ತೆಗೆಯಲು ಕಾಗದ ಸಾಲದೆ ಅವನು ಹಾಗೆಯೇ ಉಳಿದ.

ಮಾರ್ಚ್ ಮುಗಿಯುವ ಮೊದಲೇ ನೋಂದಣಿಯಾಯಿತು. ಬೇಸಿಗೆಯಲ್ಲಿ ಹಳ್ಳದ ಗದ್ದೆಗೆ ಜೆಸಿಬಿಗಳು ಇಳಿದು ಜೊಂಡು ಕಿತ್ತವು. ಕಪ್ಪೆಗಳು ಕೆಲವು ದಿನ ಬೇರೆಡೆ ಹೋಗಿ, ಕೊಳ ಸಿದ್ಧವಾದ ಮೇಲೆ ಹಿಂದಿರುಗಿದವು. ಮೂಗೂರಿನಲ್ಲಿ ಚಲುವಮ್ಮನ ಗಿರಣಿ ಶುರುವಾಯಿತು, ಮೊದಲ ಹಿಟ್ಟನ್ನು ಅವಳು ತಮ್ಮನಿಗೆ ಬಸ್ಸಿನಲ್ಲಿ ಕಳಿಸಿಕೊಟ್ಟಳು. ಇಂದ್ರಾಣಿಯ ಕೋಣೆ ಮೇಲೆದ್ದಿತು. ಕಿಟಕಿ ಮಾತ್ರ ಗಾರೆಯವನ ಇಷ್ಟದ ಕಡೆಗೆ ಬಂತು.

ಆ ವರ್ಷದ ಜೋರು ಮಳೆ ಬಂದದ್ದು ಅಕ್ಟೋಬರಿನಲ್ಲಿ, ಚಿತ್ತೆ ಮಳೆ. ಮಧ್ಯಾಹ್ನ ಹಿಡಿದದ್ದು ಬಿಡಲೇ ಇಲ್ಲ. ಸೊಸೈಟಿಯಲ್ಲಿ ಮರಿಸ್ವಾಮಿಗೆ ಕೂರಲಾಗಲಿಲ್ಲ. ಕೊಡೆ ತೆಗೆದುಕೊಂಡು ಸುಣ್ಣದಗೂಡು ಬೀದಿಗೆ ಹೊರಟ. ಪ್ಯಾಂಟನ್ನು ಮಂಡಿಯವರೆಗೆ ಮಡಿಸಿಕೊಂಡಿದ್ದ. ಬೀದಿಗೆ ಬಂದು ನೋಡಿದರೆ ಮಡಿಸಬೇಕಾಗಿರಲಿಲ್ಲ. ರಸ್ತೆ ನೆನೆದಿತ್ತು, ಅಷ್ಟೇ. ಮಕ್ಕಳು ಹೊಸಿಲಲ್ಲಿ ಕೂತು ಮಳೆ ನೋಡುತ್ತಿದ್ದರು. ಮಾದಮ್ಮನ ಒಲೆ ನೆಲದ ಮೇಲೆಯೇ ಉರಿಯುತ್ತಿತ್ತು. ಅವಳು ಅವನಿಗೆ ಬಿಸಿ ಇಡ್ಲಿ ಕೊಟ್ಟು, ಕಾಸು ಎಣಿಸಿಕೊಂಡು, ತಾನೂ ಗೋಣಿತಾಟು ತಲೆಗೆ ಹಾಕಿಕೊಂಡು ಕೊಳ ನೋಡಲು ಹಿಂದೆಯೇ ಬಂದಳು.

ಕೊಳಕ್ಕೆ ಮೋರಿಯ ಬಾಯಿಂದ ಕೆಂಪು ನೀರು ಭೋರೆಂದು ಸುರಿಯುತ್ತಿತ್ತು. ಮೇಲಿನ ಬಡಾವಣೆಗಳ ಕಸಕಡ್ಡಿ, ತೆಂಗಿನ ಗರಿ, ಯಾರದೋ ಮಗುವಿನ ಚೆಂಡು ಎಲ್ಲ ಬಂದು ಸುತ್ತು ಹಾಕುತ್ತಿದ್ದವು. ಅಪ್ಪ ನಾಟಿ ಮಾಡುತ್ತಿದ್ದ ಮೂಲೆಯಲ್ಲಿ ನೀರು ಏರುತ್ತಾ ಬಂತು. ಮರಿಸ್ವಾಮಿ ಚೆನ್ನಾಗಿ ಕಾಣಲೆಂದು ಬೇಲಿ ದಾಟಿ ಏರಿಯ ಮೇಲೆ ನಿಂತ.

ಕಾವಲಿಗಿದ್ದವನು ಕವಲಂದೆ ಕಡೆಯ ಹೊಸ ಮನುಷ್ಯ. ಶೆಡ್ಡಿನಿಂದ ಓಡಿಬಂದು, ಅಂಚಿನಲ್ಲಿ ನಿಲ್ಲಬೇಡಿ, ನೀವು ಯಾರು ಎಂದು ಗದರಿದ. ಮರಿಸ್ವಾಮಿ ಉತ್ತರ ಹುಡುಕುತ್ತಿರುವಾಗ ಬೇಲಿಯಾಚೆಯಿಂದ ಮಾದಮ್ಮ, "ಅವ್ರೇ ಜಾಗ ಕೊಟ್ಟೋರು ಕನಪ್ಪ" ಎಂದಳು.

ಕಾವಲುಗಾರನ ಮುಖ ಬದಲಾಯಿತು. ಮಳೆಯಲ್ಲೇ ಟೋಪಿ ತೆಗೆದ. "ಇಷ್ಟು ದೊಡ್ಡ ಜಾಗಾನ ಸುಮ್ನೇ ಕೊಟ್ರಾ ಸಾ?"

ಮರಿಸ್ವಾಮಿ ಅವನನ್ನು ನೋಡಿದ. ಮಾದಮ್ಮನನ್ನು ನೋಡಿದ. ಮಾದಮ್ಮ ಗೋಣಿತಾಟಿನ ಕೆಳಗಿಂದ ಅವನನ್ನೇ ನೋಡುತ್ತಿದ್ದಳು. ಆಡಬಹುದಾದ ಒಳ್ಳೊಳ್ಳೆಯ ಮಾತುಗಳು ಒಂದೆರಡು ನಾಲಗೆಯ ತುದಿಗೂ ಬಂದವು.

"ಮಾರ್ದೆ ಕಣಪ್ಪ" ಎಂದ.

"ಅಂಗಾದ್ರೆ ಬೇಲಿ ಆಚ್ಗೆ ನಿಂತ್ಕಳಿ ಸಾ" ಎಂದು ಅವನು ಟೋಪಿ ಹಾಕಿಕೊಂಡ. "ಇದು ನಗರಸಭೆ ಜಾಗ."

ಮರಿಸ್ವಾಮಿ ಬೇಲಿ ದಾಟಿ ಆಚೆಗೆ ಬಂದು, ಕೊಡೆಯನ್ನು ಮಾದಮ್ಮನ ತಲೆಯ ಕಡೆಗೂ ಅರ್ಧ ಹಿಡಿದು, ನೀರು ಏರುವುದನ್ನು ನೋಡುತ್ತಾ ನಿಂತ. ಮಳೆ ಇನ್ನೂ ಹೊಯ್ಯುತ್ತಿತ್ತು. ಕೊಳದಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು.